ಎದೆಯಲ್ಲಿ ಕೂತ ಸುಣ್ಣ

ಕೊಬ್ಬು ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ. ಒಂದು ಮೈಯಲ್ಲಿ ಸೇರುವಂಥದು, ಇನ್ನೊಂದು ತಲೆಗೆ ಏರುವಂಥದು. ‘ಅವನಿಗೆ ಕೊಬ್ಬು ಬಂದಿದೆ’ ಎಂದರೆ ತೂಕದ ಮಾತೋ ಗುಣದ ಮಾತೋ ಎಂದು ಕೇಳುವವನು ಸಂದರ್ಭ ನೋಡಿಯೇ ತಿಳಿಯಬೇಕು. ಹಾಗೆಯೇ ದಯೆ ಇಲ್ಲದವರನ್ನು ಕಲ್ಲೆದೆಯವರು ಎನ್ನುತ್ತೇವೆ, ಧೈರ್ಯವಿದ್ದವರಿಗೆ ಗುಂಡಿಗೆ ಇದೆ ಎನ್ನುತ್ತೇವೆ. ದೇಹದ ಬೇರೆ ಯಾವ ಅಂಗಕ್ಕೂ ನಾವು ಇಷ್ಟೊಂದು ಗುಣದೋಷಗಳನ್ನು ಅಂಟಿಸಿಲ್ಲ. ಆದ್ದರಿಂದಲೇ ಇರಬೇಕು, ಒಬ್ಬರಿಗೆ ಹೃದಯದ ಕಾಯಿಲೆ ಬಂತೆಂದರೆ ನಾವು ಮೊದಲು ಔಷಧ ಹುಡುಕುವುದಿಲ್ಲ, ತಪ್ಪು ಹುಡುಕುತ್ತೇವೆ. ಏನು ತಿಂದರು, ಎಷ್ಟು ತಿಂದರು, ಯಾರು ಮಾಡಿ ಹಾಕಿದರು, ಯಾವ ಜನ್ಮದ ಪಾಪ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಅಂಥ ಹೊತ್ತಿನಲ್ಲಿ ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ.

ರೋಗವನ್ನು ಹೀಗೆ ತಪ್ಪಿನ ಲೆಕ್ಕದಲ್ಲಿ ಹಿಡಿಯುವುದು ನ್ಯಾಯವೇ? ಈ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ನಾನು ಡಾಕ್ಟರಳಲ್ಲ, ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವವಳು. ಆದರೆ ಎರಡು ಮನೆಗಳಲ್ಲಿ ಎರಡು ಬಗೆಯ ಹೃದಯದ ಬೇನೆಯನ್ನು ಹತ್ತಿರದಿಂದ ಕಂಡಿದ್ದೇನೆ. ಒಂದು ನಮ್ಮ ಓಣಿಯದು, ಇನ್ನೊಂದು ನಮ್ಮದೇ ಮನೆಯದು. ಒಂದರಲ್ಲಿ ಹೃದಯದ ಸುತ್ತ ಕೊಬ್ಬು ಸೇರಿತ್ತು, ಇನ್ನೊಂದರಲ್ಲಿ ಹೃದಯದ ಕವಾಟದ ಮೇಲೆ ಸುಣ್ಣ ಕೂತಿತ್ತು.

ನಮ್ಮ ಬೇಡಕಿಹಾಳ ಕಬ್ಬಿನ ಊರು. ಪಕ್ಕದ ನಿಪ್ಪಾಣಿ ತಂಬಾಕಿಗೆ ಹೆಸರಾದದ್ದು. ದೊಡ್ಡ ಬೇನೆ ಬಂದರೆ ಇಲ್ಲಿಯವರು ಮಿರಜಿಗೋ ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ನಮ್ಮ ಓಣಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಒಬ್ಬರು, ಐವತ್ತು ದಾಟಿಲ್ಲ, ಎದೆನೋವೆಂದು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಹೃದಯದ ಸುತ್ತ ಕೊಬ್ಬು ಹೆಚ್ಚಾಗಿದೆ, ರಕ್ತನಾಳದಲ್ಲಿಯೂ ತುಸು ಅಡ್ಡಿ ಇದೆ ಎಂದು ತಿಳಿಯಿತು. ಆ ಸಂಜೆಯಿಂದ ಅವರನ್ನು ನೋಡಲು ಬಂದವರೆಲ್ಲ ತಿರುಗಿ ನೋಡಿದ್ದು ಅವರ ಹೆಂಡತಿಯ ಕಡೆಗೆ. ‘ಅಕಿ ಮಾಡಿ ಹಾಕಿದ್ದ ತಿಂದಾನ, ಮತ್ತ ಯಾರಿಗಿ ಅನ್ನೂದು?’ ಎಂದು ಒಬ್ಬ ಹಿರಿಯಾಕೆ ಅಡಿಗೆಮನೆಗೆ ಕೇಳುವಂತೆಯೇ ಅಂದರು. ಆಕೆ ಒಳಗೆ ಚಹಾ ಸೋಸುತ್ತಿದ್ದಳು.

ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ಹೆಣ್ಣು ಅದು. ಬದನೆಕಾಯಿ ಎಣ್ಣೆಗಾಯಿಗೆ ಎಷ್ಟು ಎಣ್ಣೆ, ಶೇಂಗಾ ಹಿಂಡಿ ಎಷ್ಟು ದಿನಕ್ಕೊಮ್ಮೆ ಎಂಬುದನ್ನೆಲ್ಲ ಆ ಮನೆಯೇ ಅವಳಿಗೆ ಕಲಿಸಿತ್ತು. ಎಣ್ಣೆ ಕಡಿಮೆ ಮಾಡಿದ ದಿನ ‘ಸಪ್ಪಗ ಆಗೈತಿ’ ಎಂದು ತಾಟು ಸರಿಸಿದವರೂ ಅದೇ ಮನೆಯವರು. ಆಜ್ಞೆ ಎಲ್ಲರದು, ಅಪರಾಧ ಮಾತ್ರ ಒಬ್ಬಳದು. ಓದುತ್ತಿರುವ ಸೋದರಿಯರಲ್ಲಿ ಎಷ್ಟೋ ಜನ ಈ ಚಹಾ ಸೋಸುವ ಜಾಗದಲ್ಲಿ ನಿಂತಿರಬೇಕು.

ಆದರೆ ಹೃದಯದ ಸುತ್ತಲಿನ ಕೊಬ್ಬು ಅಷ್ಟು ಸರಳವಾದ ವಸ್ತುವಲ್ಲ. ಅದು ಎಲ್ಲರಲ್ಲಿಯೂ ಇರುತ್ತದೆ, ಇರಲೇಬೇಕು. ಹೃದಯದ ಮಾಂಸಕ್ಕೂ ಅದರ ಹೊರಪೊರೆಗೂ ನಡುವೆ ಇದ್ದು, ಹೃದಯದ ಮೇಲ್ಮೈಯ ಬಹುಭಾಗವನ್ನು ಹೊದ್ದಿರುತ್ತದೆ. ಮಿತವಾಗಿದ್ದಾಗ ಅದು ಗೆಳತಿಯಂತೆ: ಬಡಿತದ ಕುಲುಕಾಟದಲ್ಲಿ ರಕ್ತನಾಳಗಳಿಗೆ ಮೆತ್ತೆಯಾಗುತ್ತದೆ, ಹೃದಯಕ್ಕೆ ಬೇಕಾದಾಗ ಶಕ್ತಿಯನ್ನೂ ಒದಗಿಸುತ್ತದೆ. ಮಿತಿ ಮೀರಿದಾಗ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಸ್ರವಿಸತೊಡಗುತ್ತದೆ. ಅದಕ್ಕೂ ಹೃದಯದ ಮಾಂಸಕ್ಕೂ ನಡುವೆ ಗೋಡೆ ಇಲ್ಲದ್ದರಿಂದ ಆ ಕೇಡು ನೇರವಾಗಿ ಪಕ್ಕದ ನಾಳಗಳಿಗೆ ತಟ್ಟುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ. ತೆಳ್ಳಗಿದ್ದವರಲ್ಲಿಯೂ ಇರಬಹುದು.

ಪುಣೆಯ ಡಾ. ಯಾಜ್ಞಿಕ್ ಎಂಬ ಸಂಶೋಧಕರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೂ ಲಂಡನ್ನಿನ ಸ್ನೇಹಿತ ಡಾ. ಯೂಡ್ಕಿನ್ ಅವರದೂ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಿದ್ದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರಲ್ಲಿಯೂ ಒಂದೇ, 22.3. ಆದರೆ ಯೂಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಭಾಗ, ಯಾಜ್ಞಿಕರ ಮೈಯಲ್ಲಿ 21.2. ನಮ್ಮ ದೇಶದ ಕೂಸುಗಳು ಕಡಿಮೆ ತೂಕದವಾಗಿ ಹುಟ್ಟಿದರೂ ಅವುಗಳಲ್ಲಿ ಮಾಂಸ ಕಡಿಮೆ, ಕೊಬ್ಬು ಹೆಚ್ಚು ಎಂಬುದನ್ನು ಅವರು ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಕಂಡರು. ಬಸುರಿಯಲ್ಲಿ ತಾಯಿಗೆ ಸರಿಯಾದ ಪೋಷಣೆ ಸಿಗದಿದ್ದುದರ ನೆರಳು ಮಗುವಿನ ಮೈಯ ಮೇಲೆ ಬಿದ್ದಿರುತ್ತದೆ ಎಂಬುದು ಅವರ ವಿಚಾರ. ಹಾಗಾದರೆ ನಮ್ಮ ಓಣಿಯ ಆ ಮನುಷ್ಯನ ಎದೆಯ ಕೊಬ್ಬಿಗೆ ಯಾರನ್ನು ಹಿಡಿಯೋಣ? ಎಣ್ಣೆಗಾಯಿ ಮಾಡಿದ ಹೆಂಡತಿಯನ್ನೇ, ಬೇಡಿ ತಿಂದ ಅವನನ್ನೇ, ದಿನವೆಲ್ಲ ಕೂತು ಮಾಡುವ ವ್ಯಾಪಾರವನ್ನೇ, ಅಥವಾ ಐವತ್ತು ವರ್ಷದ ಹಿಂದೆ ಬಸುರಿ ಹೊತ್ತು ಅರೆಹೊಟ್ಟೆಯಲ್ಲಿ ಹೊಲಕ್ಕೆ ಹೋದ ಅವನ ತಾಯಿಯನ್ನೇ? ಎಳೆ ಹಿಡಿದು ಹಿಂದೆ ಹೋದಂತೆಲ್ಲ ಆರೋಪಿಗಳು ಸಿಗುವುದಿಲ್ಲ, ಬಡವರು ಸಿಗುತ್ತಾರೆ.

ಹಾಗೆಂದು ಯಾರದೂ ಏನೂ ಇಲ್ಲ ಎಂದು ಕೈ ಚೆಲ್ಲುವುದೂ ಸರಿಯಲ್ಲ. ಹೃದಯದ ಸುತ್ತಲಿನ ಕೊಬ್ಬು ಮೊಂಡವಲ್ಲ. ದಿನಾಲು ಬಿರುಸಾಗಿ ನಡೆದರೆ, ತೂಕ ಇಳಿಸಿದರೆ ಅದು ಇಳಿಯುತ್ತದೆ. ಭಾರತದ ಹೆಣ್ಣುಮಕ್ಕಳ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರದು 90 ದಾಟಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ. ತಕ್ಕಡಿ ಹೇಳದ್ದನ್ನು ಟೇಪು ಹೇಳುತ್ತದೆ. ಇಲ್ಲಿ ಹೊಣೆ ಉಂಟು, ಆದರೆ ಅದು ನಾಳೆಯ ಕಡೆಗೆ ಮುಖ ಮಾಡಿದ ಹೊಣೆ. ‘ನೀನು ಹೀಗೆ ಮಾಡಿದೆ’ ಎಂಬುದು ಒಬ್ಬರನ್ನು ಮೂಲೆಗೆ ತಳ್ಳುತ್ತದೆ. ‘ಬಾ, ನಾಳೆಯಿಂದ ಕೂಡಿ ನಡೆಯೋಣ’ ಎಂಬುದು ಮನೆಯಿಂದ ಹೊರಗೆ ಕರೆತರುತ್ತದೆ. ಆ ದಂಪತಿಗಳು ಈಗ ಬೆಳಿಗ್ಗೆ ಶಮನೇವಾಡಿಯ ಕಡೆಗೆ ನಡೆಯುತ್ತಾರೆ. ಮೊದಮೊದಲು ಅವರನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ಅವರ ಹಿಂದೆ ನಡೆಯುತ್ತಿದ್ದಾರೆ.

ಸುಣ್ಣದ ಮಾತು ಬೇರೆ. ಅದು ನಡೆದರೆ ಕರಗುವಂಥದಲ್ಲ.

ನಮ್ಮ ಅತ್ತೆಯವರಿಗೆ ಆಗ ಎಪ್ಪತ್ತು. ಕಡ್ಡಿಯಂಥ ಮೈ. ತುಪ್ಪ ಹಬ್ಬಕ್ಕೆ ಮಾತ್ರ ಕಂಡವರು, ಅದನ್ನೂ ಬೇರೆಯವರ ತಾಟಿಗೆ ಹಾಕಿ ಮುಗಿಸಿದವರು. ಮಾಳಿಗೆಯ ಮೆಟ್ಟಿಲು ಏರಿದರೆ ದಮ್ಮು ಹತ್ತುತ್ತಿತ್ತು. ಒಮ್ಮೆ ನೀರಿನ ಕೊಡ ಇಳಿಸುವಾಗ ಕಣ್ಣುಗತ್ತಲೆ ಬಂದು ಕೂತುಬಿಟ್ಟರು. ತೋರಿಸಿದ ಮೊದಲ ಡಾಕ್ಟರು ಕೈ ಹಿಡಿದು ನೋಡಿ, ‘ವಯಸ್ಸಾಯಿತಲ್ಲ, ಇಷ್ಟೆಲ್ಲ ಇದ್ದದ್ದೇ’ ಎಂದು ಶಕ್ತಿಯ ಗುಳಿಗೆ ಕೊಟ್ಟು ಕಳಿಸಿದರು. ಇನ್ನೊಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಎಕೋ ಮಾಡಿಸಲು ಹೇಳಿದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದೊಡ್ಡ ಬಾಗಿಲಿನ ಕವಾಟದ ಮೇಲೆ ಕ್ಯಾಲ್ಸಿಯಂ ಕೂತು ಅದು ಬಿರುಸಾಗಿದೆ ಎಂದು ಅದರಲ್ಲಿ ಬಂತು.

ಸುದ್ದಿ ಊರಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆಗೆ ಎಲೆ ಅಡಿಕೆಯ ಅಭ್ಯಾಸ. ‘ಎಲಿಗಿ ಹಚ್ಚಿದ ಸುಣ್ಣ ಎದಿಗಿ ಕುಂತೈತಿ’ ಎಂದು ಜನ ಕಾರಣ ಕಂಡುಹಿಡಿದುಬಿಟ್ಟರು. ಕೊಬ್ಬೆಂದು ಬೈಯಲು ಮೈಯಲ್ಲಿ ಮಾಂಸವಿರಲಿಲ್ಲವಾದ್ದರಿಂದ ಸುಣ್ಣದ ಡಬ್ಬಿಯ ಮೇಲೆ ಆರೋಪ ಬಿತ್ತು. ಎಲೆ ಅಡಿಕೆಯಿಂದ ಬಾಯಿಗೆ ಕೇಡು ನಿಜ. ಆದರೆ ತಿಂದ ಸುಣ್ಣವಾಗಲಿ, ಕುಡಿದ ಹಾಲಾಗಲಿ, ಉಂಡ ರಾಗಿಯಾಗಲಿ ಹೋಗಿ ಕವಾಟಕ್ಕೆ ಮೆತ್ತಿಕೊಳ್ಳುವುದಿಲ್ಲ. ಬೋರಿನ ನೀರು ಕಾಸಿದ ಹಂಡೆಯಲ್ಲಿ ಸುಣ್ಣದ ಪದರು ಕಟ್ಟುವ ಹಾಗೆ ಇದು ಸುಮ್ಮನೆ ತಳದಲ್ಲಿ ಕೂರುವ ಗಸಿಯಲ್ಲ. ಕವಾಟದ ಜೀವಕೋಶಗಳೇ ವರ್ಷಗಟ್ಟಲೆಯ ಸವೆತ, ಉರಿಯೂತದಿಂದ ದಾರಿ ತಪ್ಪಿ, ಎಲುಬು ಕಟ್ಟುವ ಕೋಶಗಳಂತೆ ನಡೆದುಕೊಂಡು ರಕ್ತದಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತವೆ. ತೆಗೆದುಹಾಕಿದ ಕೆಲವು ಕವಾಟಗಳಲ್ಲಿ ನಿಜವಾದ ಎಲುಬೇ ಕಂಡದ್ದುಂಟು.

ಆ ಕವಾಟ ಮಾಡುವ ಕೆಲಸವನ್ನು ನೆನೆದರೆ ಸವೆದದ್ದಕ್ಕೆ ಆಶ್ಚರ್ಯವಾಗುವುದಿಲ್ಲ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಮೂರು ಎಸಳುಗಳು, ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ತೆರೆದಾಗ ಮೂರು-ನಾಲ್ಕು ಚದರ ಸೆಂಟಿಮೀಟರ್ ಇರಬೇಕಾದ ದಾರಿ ಒಂದಕ್ಕಿಂತ ಕಡಿಮೆಯಾದರೆ ಅಪಾಯ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟುತ್ತಲೇ ಮೂರರ ಬದಲು ಎರಡೇ ಎಸಳು ಇರುತ್ತವೆ. ಅಂಥವರಲ್ಲಿ ಸುಣ್ಣ ಬೇಗ ಕೂರುತ್ತದೆ. ಕೆಲವರಿಗೆ ವಂಶದಿಂದ ಬಂದ ಒಂದು ಬಗೆಯ ಕೊಲೆಸ್ಟೆರಾಲ್ ಕಾರಣ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಸೇರಿದರೆ ಇನ್ನೂ ಬೇಗ. ಇವೇನೂ ಇಲ್ಲದೆ ಬರಿಯ ಆಯುಷ್ಯವೂ ಸಾಕು. ಕೂತ ಸುಣ್ಣವನ್ನು ಕರಗಿಸುವ ಗುಳಿಗೆ ಇಂದಿಗೂ ಇಲ್ಲ. ಕೊಲೆಸ್ಟೆರಾಲಿನ ಔಷಧ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು ಫಲಿಸಲಿಲ್ಲ. ದಾರಿ ಬಹಳ ಕಿರಿದಾಗಿ ದಮ್ಮು, ಎದೆನೋವು, ತಲೆಸುತ್ತು ಶುರುವಾದ ಮೇಲೆ ಕವಾಟ ಬದಲಿಸದಿದ್ದರೆ ಹೆಚ್ಚಿನವರು ಎರಡು ಮೂರು ವರ್ಷ ದಾಟುವುದಿಲ್ಲ.

ಕವಾಟ ಕೆಡುವ ಇನ್ನೊಂದು ದಾರಿ ನಾವು ಶಿಕ್ಷಕಿಯರು ತಿಳಿದಿರಬೇಕಾದದ್ದು. ಐದರಿಂದ ಹದಿನೈದರ ಮಕ್ಕಳಿಗೆ ಗಂಟಲು ಬೇನೆ ಬಂದು, ಕೆಲವು ವಾರಗಳ ಮೇಲೆ ಮೊಣಕಾಲು, ಮೊಣಕೈ ಒಂದೊಂದಾಗಿ ಬಾತು ಜ್ವರ ಬಂದರೆ ಅದು ಸಂಧಿವಾತದ ಜ್ವರ ಇರಬಹುದು. ಕೀಲು ತಾನಾಗಿ ವಾಸಿಯಾಗುತ್ತದೆ, ಆದರೆ ಹೃದಯದ ಕವಾಟದ ಮೇಲೆ ಗಾಯ ಉಳಿಯಬಹುದು. ಆ ಗಾಯ ವರ್ಷಗಳ ಮೇಲೆ ಗಟ್ಟಿಯಾಗಿ, ಸುಣ್ಣ ಹಿಡಿದು, ಎಷ್ಟೋ ಹುಡುಗಿಯರಲ್ಲಿ ಮೊದಲ ಬಸುರಿಯಲ್ಲಿ ಉಸಿರು ಸಾಲದೆ ಹೋದಾಗಲೇ ಗೊತ್ತಾಗುತ್ತದೆ. ಇಕ್ಕಟ್ಟಾದ ಮನೆಯಲ್ಲಿ ಹತ್ತು ಜನ ಮಲಗುವ ಕಡೆ ಈ ಗಂಟಲು ಬೇನೆ ಹೆಚ್ಚು. ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಕೊಡಿಸುತ್ತ ಹೋದರೆ ಮತ್ತೆ ಮತ್ತೆ ಜ್ವರ ಬಂದು ಕವಾಟ ಕೆಡುವುದನ್ನು ತಡೆಯಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಬರುವ ತಂಡ ನೋಡುವ ಕಾಯಿಲೆಗಳಲ್ಲಿ ಇದೂ ಒಂದು. ಎಂಟು ವರ್ಷದ ಹುಡುಗಿಯ ಗಂಟಲಿನ ಬೇನೆಗೆ ಅವಳನ್ನು ಹೊಣೆ ಮಾಡುವ ತತ್ವಜ್ಞಾನಿ ಯಾರೂ ಇರಲಾರರು. ಆದರೆ ಅದೇ ಹುಡುಗಿ ಇಪ್ಪತ್ತೆರಡಕ್ಕೆ ಬಸುರಿಯಾಗಿ ಏದುಸಿರು ಬಿಟ್ಟಾಗ ‘ಬ್ಯಾನಿ ಮುಚ್ಚಿಟ್ಟ ಮದುವಿ ಮಾಡ್ಯಾರ’ ಎನ್ನುವ ಬೀಗರನ್ನು ನಾನು ಕಂಡಿದ್ದೇನೆ.

ಇಷ್ಟಾದ ಮೇಲೂ ‘ಅವರವರ ಕರ್ಮ’ ಎಂಬ ಮಾತು ಉಳಿಯುತ್ತದೆ. ನಮ್ಮ ಭಾಗದಲ್ಲಿ ಜೈನ ಮನೆತನಗಳು ಬಹಳ. ಕರ್ಮವೆಂಬುದು ಕಣ್ಣಿಗೆ ಕಾಣದ ಸೂಕ್ಷ್ಮ ದ್ರವ್ಯ, ಅದು ಒಳಗೆ ಹರಿದುಬಂದು ಜೀವಕ್ಕೆ ಅಂಟಿಕೊಳ್ಳುತ್ತದೆ ಎಂಬ ವಿಚಾರ ಇಲ್ಲಿಯ ಹೆಣ್ಣುಮಕ್ಕಳಿಗೂ ಬಾಯಿಪಾಠ. ಕವಾಟದ ಸುಣ್ಣದ ಚಿತ್ರ ನೋಡಿದಾಗ ನನಗೂ ಅದೇ ನೆನಪಾಯಿತು. ಆದರೆ ಆ ವಿಚಾರ ಇರುವುದು ತನ್ನ ಕ್ರೋಧ, ಮಾನ, ಮಾಯೆ, ಲೋಭಗಳನ್ನು ತಾನು ನೋಡಿಕೊಳ್ಳಲಿಕ್ಕೆ. ಪಕ್ಕದ ಮನೆಯವಳ ಎದೆಯಲ್ಲಿ ಎಷ್ಟು ಕರ್ಮ ಕೂತಿದೆ ಎಂದು ತೂಗುವ ತಕ್ಕಡಿಯನ್ನು ಯಾವ ತೀರ್ಥಂಕರರೂ ನಮ್ಮ ಕೈಗೆ ಕೊಟ್ಟಿಲ್ಲ. ಜೀವಗಳು ಒಂದಕ್ಕೊಂದು ನೆರವಾಗಿಯೇ ಬದುಕುತ್ತವೆ ಎಂಬುದೂ ಅದೇ ಧರ್ಮದ ತತ್ವಾರ್ಥಸೂತ್ರದ ಉಪದೇಶ. ಕರ್ಮದ ಮಾತು ನೆನಪಿಟ್ಟವರು ಇದನ್ನೇಕೆ ಮರೆತರೋ.

ನಮ್ಮ ಮನೆಯಲ್ಲಿ ನಿಜವಾದ ಧರ್ಮಸಂಕಟ ಶುರುವಾದದ್ದು ಆಮೇಲೆ. ಕವಾಟ ಬದಲಿಸಬೇಕು ಎಂದಾಗ ಅತ್ತೆಯವರೇ ಬೇಡವೆಂದರು. ‘ನಂದೇನ ಉಳದೈತಿ ಬಿಡ ತಂಗಿ. ಆ ರೊಕ್ಕದಾಗ ಮೊಮ್ಮಗಳ ಕಾಲೇಜ ಆಗತೈತಿ.’ ಗಂಡುಮಕ್ಕಳು ತಲೆ ತಗ್ಗಿಸಿ ಕೂತರು. ಅವರ ಮುಖದಲ್ಲಿ ದುಃಖವೂ ಇತ್ತು, ತುಸು ಬಿಡುಗಡೆಯೂ ಇತ್ತು. ಬಂದವರು ‘ಎಂಥಾ ತ್ಯಾಗಿ’ ಎಂದು ಕೊಂಡಾಡಿದರು.

ತ್ಯಾಗವೆಂದರೇನು ಎಂಬುದು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾದ್ದಿಲ್ಲ. ನಮ್ಮ ನೆರೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟರು. ಆ ವ್ರತದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅದು ತಿಳಿದು, ವಿಚಾರಿಸಿ, ಎಲ್ಲರೆದುರು ಸ್ವಂತ ಮನಸ್ಸಿನಿಂದ ಹಿಡಿದದ್ದು. ನಮ್ಮ ಮನೆಯ ಮುದುಕಿ ಅಡಿಗೆಮನೆಯ ಮೂಲೆಯಲ್ಲಿ ಕೂತು ‘ನನಗ್ಯಾಕ ಖರ್ಚ’ ಎನ್ನುವುದು ಅಂಥ ವ್ರತವೇ? ಅದನ್ನು ತಿಳಿಯಲು ನಾನು ಒಂದೇ ಒಂದು ಪ್ರಶ್ನೆ ಕೇಳಿದೆ.

‘ಅತ್ತಿ, ಇದ ಬ್ಯಾನಿ ಮಾವಾರಿಗಿ ಬಂದಿದ್ರ ಏನ್ ಮಾಡತಿದ್ರಿ?’

‘ಎಕರೆ ಹೊಲಾ ಮಾರಿ ಮಾಡಸತಿದ್ನಿ.’ ಉತ್ತರಕ್ಕೆ ಅವರು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ.

‘ಮತ್ತ ನಿಮಗ ಯಾಕ ಬ್ಯಾಡ?’

‘ಅದು ಬ್ಯಾರೆ ಬಿಡ’ ಎಂದು ಸೆರಗು ಸರಿಮಾಡಿಕೊಂಡರು.

ಏನು ಬೇರೆ? ಎದೆ ಒಂದೇ, ಕವಾಟ ಒಂದೇ. ಹೆಣ್ಣಿನ ಜೀವಕ್ಕೆ ಬೆಲೆ ಕಡಿಮೆ ಎಂದು ಯಾರೋ ಎಂದೋ ಹಾಕಿದ ಲೆಕ್ಕವನ್ನು ಆಕೆ ತನ್ನದೇ ಎಂದು ನಂಬಿ ಒಪ್ಪಿಸುತ್ತಿದ್ದರು. ಈ ಲೆಕ್ಕ ನಮ್ಮ ಮನೆಯದೊಂದೇ ಅಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹುಟ್ಟಿನಿಂದ ಹೃದಯದ ದೋಷವಿದ್ದು ಶಸ್ತ್ರಚಿಕಿತ್ಸೆ ಮಾಡಿಸಲು ಹೇಳಿದ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಅದು ಆಗಿತ್ತು. ಹೆಣ್ಣುಮಕ್ಕಳಲ್ಲಿ 44 ಮಂದಿಗೆ ಮಾತ್ರ. ಯಂತ್ರದ ಅಳತೆಯಲ್ಲಿಯೂ ಹೆಣ್ಣು ಹಿಂದೆ ಉಳಿಯುವ ಅಪಾಯವಿದೆ. ಸಿ.ಟಿ. ಸ್ಕ್ಯಾನಿನಲ್ಲಿ ಕವಾಟದ ಕ್ಯಾಲ್ಸಿಯಮ್ಮಿಗೆ ಅಂಕ ಕೊಡುತ್ತಾರೆ. ಗಂಡಸಿನಲ್ಲಿ ಅದು 2000 ಆದರೆ ಕಾಯಿಲೆ ತೀವ್ರವಾಗಿರಬಹುದೆಂದು ಅರ್ಥ; ಹೆಂಗಸಿನಲ್ಲಿ 1200ಕ್ಕೇ ಅಷ್ಟು ತೀವ್ರವಾಗಿರುತ್ತದೆ. ಗಂಡಸಿನ ಅಳತೆಗೋಲು ಹಿಡಿದು ಕೂತರೆ ‘ನಿನಗಿನ್ನೂ ಅಷ್ಟಾಗಿಲ್ಲ’ ಎಂದು ಅವಳನ್ನು ಮನೆಗೆ ಕಳಿಸಿದಂತಾಗುತ್ತದೆ. ‘ನಿನಗಿನ್ನೂ ಅಷ್ಟಾಗಿಲ್ಲ’ ಎಂಬ ಮಾತನ್ನು ಕೇಳದೆ ಐವತ್ತು ದಾಟಿದ ಹೆಣ್ಣು ನಮ್ಮಲ್ಲಿ ಯಾರಿದ್ದಾರೆ?

ಮನೆಯವರು ಮತ್ತೆ ಕೂಡಿ ಕೂತೆವು. ಈ ಸಲ ಅತ್ತೆಯನ್ನೂ ನಡುವೆ ಕೂಡ್ರಿಸಿಕೊಂಡು. ರೊಕ್ಕದ ಮಾತನ್ನು ಬದಿಗಿಡಿ, ಬದುಕುವ ಆಸೆ ಇದೆಯೋ ಇಲ್ಲವೋ ಅದನ್ನು ಹೇಳಿ ಎಂದೆವು. ಬಹಳ ಹೊತ್ತಿನ ಮೇಲೆ ‘ಐತಿ’ ಎಂದರು, ಕಳ್ಳತನ ಒಪ್ಪಿಕೊಂಡವರ ಹಾಗೆ.

2019ರಲ್ಲಿ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅದಕ್ಕೆ ಮೊದಲು ಡಾಕ್ಟರು ಎರಡು ಬಗೆಯ ಕವಾಟಗಳನ್ನು ವಿವರಿಸಿದ್ದರು. ದನ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ್ದು ಒಂದು. ಈ ವಯಸ್ಸಿಗೆ ಸಾಮಾನ್ಯವಾಗಿ ಅದನ್ನೇ ಹಾಕುತ್ತಾರೆ. ಲೋಹದ್ದು ಇನ್ನೊಂದು, ಅದಕ್ಕೆ ಜೀವನಪೂರ್ತಿ ರಕ್ತ ತೆಳುಮಾಡುವ ಗುಳಿಗೆ, ಆಗಾಗ ರಕ್ತಪರೀಕ್ಷೆ, ಬಿದ್ದರೆ ಪೆಟ್ಟಾದರೆ ರಕ್ತ ನಿಲ್ಲದ ಭಯ. ಅತ್ತೆ ಎಲ್ಲವನ್ನೂ ಕೇಳಿ, ಎರಡು ಸಲ ಕೇಳಿ, ‘ಮತ್ತೊಂದ ಜೀವದ್ದ ನನ್ನ ಎದಿಯಾಗ ಬ್ಯಾಡ್ರಿ, ಲೋಹದ್ದ ಹಾಕ್ರಿ, ಗುಳಿಗಿ ತಗೋತೀನಿ’ ಎಂದರು. ಡಾಕ್ಟರು ಒಪ್ಪಿದರು. ಅವರ ಈ ‘ಬ್ಯಾಡ’ಕ್ಕೂ ಮೊದಲಿನ ‘ಬ್ಯಾಡ’ಕ್ಕೂ ನಡುವೆ ಆಕಾಶ-ಭೂಮಿಯ ಅಂತರ. ಮೊದಲನೆಯದು ಭಯದಿಂದ, ಸಂಕೋಚದಿಂದ, ಇತರರ ಲೆಕ್ಕದಿಂದ ಬಂದದ್ದು. ಎರಡನೆಯದು ತಿಳಿದು, ಅದರ ಕಷ್ಟವನ್ನೂ ಒಪ್ಪಿಕೊಂಡು, ತಮ್ಮದೇ ನಂಬಿಕೆಯಿಂದ ಹೇಳಿದ್ದು. ಅದನ್ನು ನಾನು ತ್ಯಾಗ ಎಂದು ಕರೆಯಬಲ್ಲೆ.

ಲೋಹದ ಕವಾಟದ ವಿಷಯ ಓದುವಾಗ ಒಂದು ಸಂಗತಿ ತಿಳಿಯಿತು. ಪರದೇಶದ ಕವಾಟ ನಮ್ಮ ಬಡವರಿಗೆ ಎಟುಕುವುದಿಲ್ಲವೆಂದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ನಮ್ಮದೇ ಕವಾಟ ಮಾಡಿದರು. ಮೊದಲ ಮೂರು ಮಾದರಿಗಳು ಸೋತವು. ಲೋಹದ ಚೌಕಟ್ಟು, ಪ್ಲಾಸ್ಟಿಕ್ಕಿನ ಬಿಲ್ಲೆ, ಪಾಲಿಯೆಸ್ಟರ್ ಬಟ್ಟೆಯ ಅಂಚು ಇದ್ದ ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ಆಮೇಲೆ ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಅದು ತೆರೆದು ಮುಚ್ಚಿದೆ. ನಮ್ಮ ಮಣಿಪಾಲದಲ್ಲಿ ನೆಲೆಸಿದ್ದ ಆ ವೈದ್ಯರು 2024ರಲ್ಲಿ ತೀರಿಕೊಂಡರು. ‘ಇವರ ಕರ್ಮ’ ಎಂದು ಅವರೂ ಸುಮ್ಮನಿರಬಹುದಿತ್ತು.

ರೋಗಕ್ಕೆ ಹೊಣೆ ಯಾರು ಎಂದು ಕೇಳುವುದು ಸುಲಭ, ಅದಕ್ಕೆ ನಾಲಿಗೆ ಸಾಕು. ರೋಗಿಯ ಹೊಣೆ ಯಾರದು ಎಂದು ಕೇಳಿದರೆ ಎದ್ದು ನಿಲ್ಲಬೇಕಾಗುತ್ತದೆ. ದುಡ್ಡು ಹೊಂದಿಸಬೇಕು, ಬಸ್ಸು ಹತ್ತಬೇಕು, ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರಬೇಕು. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ, ಹೃದಯದ ಶಸ್ತ್ರಚಿಕಿತ್ಸೆಗೂ ಉಂಟು. ಆದರೆ ಕಾರ್ಡು ಹಿಡಿದು ಆಸ್ಪತ್ರೆಯ ಬಾಗಿಲಿಗೆ ಹೋಗಲು ಅವಳನ್ನು ಅಡಿಗೆಮನೆಯಿಂದ ಯಾರಾದರೂ ಎಬ್ಬಿಸಬೇಕು.

ಕೊಬ್ಬು ಕರಗೀತು, ಕೂತ ಸುಣ್ಣ ಕರಗದು. ಮೊದಲನೆಯದರಲ್ಲಿ ರೋಗಿಯ ಕಾಲಿಗೂ ಕೆಲಸವಿದೆ, ಜೊತೆಗೆ ನಡೆಯುವವರು ಬೇಕು. ಎರಡನೆಯದರಲ್ಲಿ ಪೂರ್ತಿ ಬೇರೆಯವರ ಕೈಯೇ ಬೇಕು. ಬೈಗುಳ ಎರಡಕ್ಕೂ ಔಷಧವಲ್ಲ. ನಿಮ್ಮ ತಾಯಿಯೋ ಅತ್ತೆಯೋ ಮೆಟ್ಟಿಲ ನಡುವೆ ನಿಂತು, ಗೋಡೆ ಹಿಡಿದು, ‘ಏನಿಲ್ಲ, ಸುಮ್ಮನ ನಿಂತೀನಿ’ ಅಂದರೆ ನಂಬಬೇಡಿ. ಡಾಕ್ಟರರ ಬಳಿ ಕರೆದೊಯ್ದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಲು ಹೇಳಿ. ಐವತ್ತು ಅರವತ್ತು ವರ್ಷ ಮನೆಯವರೆಲ್ಲರ ಮಾತು ಕೇಳಿದ ಎದೆ ಅದು. ಅದರ ಮಾತನ್ನು ಯಾರಾದರೂ ಒಂದು ನಿಮಿಷ ಕೇಳಲಿ.